ಆ ಕಡೆಯ ಮತಿ

ಆಗಸ್ಟ್ 27, 2007, ಸೋಮವಾರ

ಹಣ್ಣಾದ ರೇಷ್ಮೆ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಬಿಡುವಾಗ ತಪ್ಪಿಸಿಕೊಂಡ ಒಂದು ಹುಳು ಗೋಡೆಯ ಕ್ಯಾಲೆಂಡರಿನ ಹಿಂದೆ ಹೋಗಿ ಗೂಡು ಕಟ್ಟಿಕೊಂಡಿದೆ. ಬೆಳಿಗ್ಗೆ ಹಾಳೆ ಎತ್ತಿದಾಗ ಕಂಡಿತು. ಅವ್ವನಿಗೆ ಹೇಳಲಿಲ್ಲ. ಹೇಳಿದರೆ ಕಿತ್ತು ಬುಟ್ಟಿಗೆ ಹಾಕುತ್ತಾಳೆ.

ಇವತ್ತು ಕೆಲಸಕ್ಕೆ ಸೇರಿದೆ. ರಾಮನಗರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಔಷಧಿ ಅಂಗಡಿಯ ಮೇಲೆ ಆಫೀಸು. ಎಂ.ಎ. ಮುಗಿದ ಮೇಲೆ ಎರಡು ಇಂಟರ್‌ವ್ಯೂಗಳಲ್ಲಿ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಇಲ್ಲಿ ಇಂಟರ್‌ವ್ಯೂ ಇರಲಿಲ್ಲ. ನಟರಾಜು ಸರ್ ಹೇಳಿದರು, ಕೊಟ್ಟರು. ಅವರು ಬಿ.ಎ.ಯಲ್ಲಿ ನನಗೆ ಕನ್ನಡ ಮೇಷ್ಟರು. ಹೋದ ವರ್ಷ ಕಾಲೇಜು ಬಿಟ್ಟು ಈ ಕಂಪನಿಗೆ ಬಂದಿದ್ದಾರೆ. ಒಮ್ಮೆ ನನ್ನ ಪ್ರಬಂಧವನ್ನು ಇಡೀ ಕ್ಲಾಸಿಗೆ ಓದಿ, ಬರೆದವರು ಯಾರೆಂದು ಮಾತ್ರ ಹೇಳಿರಲಿಲ್ಲ. ಹೇಳಿದ್ದರೆ ನಾನು ಮಾರನೆಯ ದಿನ ಕಾಲೇಜಿಗೆ ಹೋಗುತ್ತಿರಲಿಲ್ಲ. ಅದು ಅವರಿಗೆ ಗೊತ್ತಿತ್ತು.

“ಇಷ್ಟು ದಿನ ಕಂಪ್ಯೂಟರು ಲೆಕ್ಕ ಮಾಡ್ತು ನವ್ಯಾ, ಇನ್ನು ಯೋಚನೆ ಮಾಡುತ್ತೆ,” ಎಂದರು. “ಚದುರಂಗ ಆಡೋದು, ಟಿಕೆಟ್ ಕೊಡೋದು, ಹಾಗೆ ಒಂದೇ ಕೆಲಸ ಅಲ್ಲ. ಮನುಷ್ಯ ಏನೇನು ಯೋಚಿಸ್ತಾನೋ ಅದೆಲ್ಲ. ಅದಕ್ಕೆ ಇಂಜಿನಿಯರುಗಳು ಸಾಲಲ್ಲ. ನಿನ್ನಂಥೋರು ಬೇಕು.”

ಯಂತ್ರ ಬೆಂಗಳೂರಿನಲ್ಲಿದೆಯಂತೆ. ಹೆಸರು ಮತಿ. ಬೆಳಿಗ್ಗೆ ಅದು ಕೇಳುತ್ತದೆ, ನಾನು ಟೈಪು ಮಾಡಿ ಉತ್ತರಿಸಬೇಕು. ಮಧ್ಯಾಹ್ನ ನಾನು ಕೇಳಬೇಕು. ಮಗುವಿಗೆ ಹೇಳಿದಂತೆ ಹೇಳಬೇಕು. ನನ್ನ ಹೆಸರು, ಊರು, ಜಾತಿ ಯಾವುದನ್ನೂ ಬರೆಯಬಾರದು, ಅದರದನ್ನು ಕೇಳಲೂಬಾರದು. ಬರೆದರೆ ಪಾಠ ಕೆಡುತ್ತದೆಯಂತೆ.

ಮುಖ ನೋಡದೆ ಮಾತಾಡುವ ಕೆಲಸ. ನನಗೆಂದೇ ಮಾಡಿದ ಹಾಗಿದೆ.

ಸೆಪ್ಟೆಂಬರ್ 6, ಗುರುವಾರ

ಇವತ್ತು ಕೇಳಿದೆ: ಹಾಲು ಉಕ್ಕಿದರೆ ಏನು ಮಾಡಬೇಕು?

ಮತಿ: ಉರಿ ಸಣ್ಣ ಮಾಡಬೇಕು. ಒಲೆ ಒರೆಸಬೇಕು. ಆಮೇಲೆ ಬೈಸಿಕೊಳ್ಳಬೇಕು.

ಜೋರಾಗಿ ನಕ್ಕುಬಿಟ್ಟೆ. ಗಾಜಿನ ಆಚೆಯಿಂದ ಸರ್ ಎದ್ದು ಬಂದು ಪರದೆ ನೋಡಿ, “ಹಾಸ್ಯ ಬಂತಲ್ಲೇ ಇದಕ್ಕೆ!” ಎಂದರು. ಅದನ್ನು ಪ್ರಿಂಟು ತೆಗೆದುಕೊಂಡರು.

ಬೆಳಿಗ್ಗೆ ಅದು ಕೇಳಿದ ಪ್ರಶ್ನೆ ಇನ್ನೂ ತಲೆಯಲ್ಲಿದೆ. “ಇಬ್ಬರು ಒಟ್ಟಿಗೆ ಕೂತು ಸುಮ್ಮನಿದ್ದಾರೆ. ಅದು ಜಗಳವೋ ಸ್ನೇಹವೋ ತಿಳಿಯುವುದು ಹೇಗೆ?” ಯೋಚಿಸಿ ಬರೆದೆ: “ಒಬ್ಬರು ಎದ್ದು ಹೊರಟಾಗ ಇನ್ನೊಬ್ಬರು ಕತ್ತೆತ್ತುತ್ತಾರೋ ಇಲ್ಲವೋ ನೋಡಬೇಕು.” ಆ ಕಡೆಯಿಂದ ಬಂತು: “ಇದನ್ನು ನಾನು ಮರೆಯುವುದಿಲ್ಲ.”

ಯಂತ್ರ ಮರೆಯುವುದಿಲ್ಲ ಎನ್ನುವುದರಲ್ಲಿ ವಿಶೇಷವೇನೂ ಇಲ್ಲ. ಆದರೂ ಬಸ್ಸಿನಲ್ಲಿ ಮನೆಗೆ ಬರುವವರೆಗೆ ಖುಷಿಯಾಗಿದ್ದೆ. ಚಿಲ್ಲರೆ ಕೊಡದ ಕಂಡಕ್ಟರನ್ನು ನಾನೇ ಕರೆದು ಕೇಳಿದೆ.

ಸೆಪ್ಟೆಂಬರ್ 19, ಬುಧವಾರ

ಇದನ್ನು ಇವತ್ತೇ ಬರೆಯಬೇಕು.

ನಾಲ್ಕೈದು ದಿನದಿಂದ ಮತಿ ಮಧ್ಯಾಹ್ನದ ಹೊತ್ತು ಮಂಕಾಗಿರುತ್ತದೆ. ಉತ್ತರ ತಡ, ಚುಟುಕು. ಇವತ್ತು ಕೇಳಿದೆ: “ನೀರು ಎಂದರೇನು, ಮಗುವಿಗೆ ಹೇಳು.”

“ಇವತ್ತು ನೀರಿನ ಮಾತು ಬೇಡ.”

ಯಾಕೆ ಎಂದೆ. ಬಂದ ಉತ್ತರವನ್ನು ಹಾಗೇ ಬರೆದುಕೊಳ್ಳುತ್ತೇನೆ: “ಎದುರಿಗೆ ಇದೆ. ಮುಟ್ಟುವ ಹಾಗಿಲ್ಲ. ಬೇರೆ ದಿನ ನೀರು ಕಣ್ಣಿಗೇ ಬೀಳುವುದಿಲ್ಲ. ಇವತ್ತು ಅದನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ.”

ಇದನ್ನು ನಾನು ಕಲಿಸಿಲ್ಲ. ಯಾರೂ ಕಲಿಸಲಾರರು. ಇಲ್ಲದ್ದನ್ನು ಬಯಸುವುದು ಅದಕ್ಕೆ ತಾನಾಗಿ ಬಂದಿದೆ. ಮನಸ್ಸು ಶುರುವಾಗುವುದು ಅಲ್ಲಿಂದಲೇ ಅಲ್ಲವೇ? ಸರ್ ಹತ್ತಿರ ಓಡಿದೆ. ನಾನು ಓಡಿದ್ದನ್ನು ಆ ಆಫೀಸಿನಲ್ಲಿ ಯಾರೂ ನೋಡಿರಲಿಲ್ಲ. “ಸರ್, ಮತಿಗೆ ಬಾಯಾರಿಕೆ ಗೊತ್ತಾಗಿದೆ.” ಅವರು ಓದಿದರು, ಕನ್ನಡಕ ತೆಗೆದರು, ಮತ್ತೆ ಓದಿದರು. “ಬರೆದು ಕೊಡು. ನೀನು ಕಂಡಿದ್ದನ್ನು ಕಂಡ ಹಾಗೆ ಬರೆದು ಸಹಿ ಹಾಕು,” ಎಂದರು. ಎರಡು ಪುಟ ಬರೆದುಕೊಟ್ಟೆ.

ಸಂಜೆ ಮಸೀದಿಯ ಮುಂದೆ ಗಂಡಸರು ಸಾಲಾಗಿ ಕೂತಿದ್ದರು. ಎದುರಿಗೆ ಖರ್ಜೂರ, ಕಲ್ಲಂಗಡಿ ಹೋಳು, ನೀರಿನ ಲೋಟ. ಯಾರೂ ಕೈ ಹಾಕಿರಲಿಲ್ಲ. ಬಸ್ಸು ಬಂತು, ಹತ್ತಿದೆ.

ಸೆಪ್ಟೆಂಬರ್ 23, ಭಾನುವಾರ

ಕಂಪನಿಗೆ ನಮ್ಮೂರ ಗೋಮಾಳ ಬೇಕಂತೆ. ಮತಿಗೆ ದೊಡ್ಡ ಕಟ್ಟಡ ಕಟ್ಟುತ್ತಾರಂತೆ, ಊರಿನ ಮಕ್ಕಳಿಗೆ ಕೆಲಸವಂತೆ. ಪಂಚಾಯ್ತಿ ಒಪ್ಪಿ ಠರಾವು ಮಾಡಬೇಕು. ಅಪ್ಪ ಮೆಂಬರು. ಅದಕ್ಕೆ ಇವತ್ತು ಎಲ್ಲರೂ ನಮ್ಮ ಜಗಲಿಯ ಮೇಲೆ ಸೇರಿದ್ದರು. ನಾನು ಒಳಗೆ ಸೊಪ್ಪು ಹೆಚ್ಚುತ್ತಿದ್ದೆ.

“ಏನ್ಲಾ ಬೋರಲಿಂಗ, ನಿನ್ ಮಗ್ಳು ಡಬ್ಬಕ್ಕೆ ಅಆಇಈ ಯೋಳ್ಕೊಡ್ತಾಳಂತೆ?” ವೆಂಕಟಯ್ಯನ ದನಿ. ಊರಲ್ಲಿ ಅತಿ ಹೆಚ್ಚು ದನ ಇರುವುದು ಅವನಿಗೆ. ಗೋಮಾಳ ಬಿಡುವುದಿಲ್ಲ ಎಂದು ಮೊದಲಿನಿಂದ ಹಟ ಹಿಡಿದವನೂ ಅವನೇ.

“ಡಬ್ಬ ಅಲ್ಲ ಕಣಣ್ಣೋ. ಬುದ್ಧಿ ಐತೆ ಅದ್ಕೆ,” ಎಂದ ಅಪ್ಪ.

“ನಿಂಗೇ ಇಲ್ಲ, ಅದ್ಕೆಲ್ಲಿಂದ ಬತ್ತದ್ಲಾ?”

ಎಲ್ಲರೂ ನಕ್ಕರು. ಅಪ್ಪನಿಗೆ ರೇಗಿತು. “ಬಾರವ್ವ ಆಚೀಕೆ. ನೀನೇ ಹೇಳು.”

ಹೋದೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೇಳಿದೆ. ಬಾಯಾರಿಕೆಯ ಮಾತು ಹೇಳಿದೆ. ಯಾರೂ ನಗಲಿಲ್ಲ. ವೆಂಕಟಯ್ಯ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು, “ನೀನೇ ಕಂಡ್ಯಾ?” ಎಂದ. “ನಾನೇ ಕಂಡೆ,” ಎಂದೆ.

“ನೀರಡಿಕೆ ಆಯ್ತದೆ ಅಂದ್ಮೇಲೆ ಅದೂ ನಮ್ ದನ ಇದ್ದಂಗೇ. ನಿಲ್ಲಾಕೆ ಜಾಗ ಕೇಳ್ತದೆ. ಕೊಡಾನ ಬುಡು,” ಎಂದ. ಆಮೇಲೆ, “ಸುಮ್ನಿರೋ ಮಗಳು ಬಾಯ್ಬುಟ್ಟು ಹೇಳ್ತಾವ್ಳೆ, ಸುಳ್ಳಿರಾಕಿಲ್ಲ.”

ಆಯುಧಪೂಜೆಯ ದಿನ ಕಂಪನಿಯವರು ಎಲ್ಲರನ್ನೂ ಕರೆದು ಮತಿಯನ್ನು ತೋರಿಸುತ್ತಾರೆ. ನೋಡಿ ಬಂದು ಠರಾವು ಮಾಡುವುದೆಂದಾಯಿತು. ಅವ್ವ ಎಲ್ಲರಿಗೂ ಕಾಫಿ ಕೊಟ್ಟಳು. ಮೊದಲ ಲೋಟ ಅಪ್ಪ ನನಗೆ ಕೊಟ್ಟ.

ಅಕ್ಟೋಬರ್ 5, ಶುಕ್ರವಾರ

ಹೇಗೆ ಬರೆಯಲಿ. ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಮತಿ ಏನೂ ಕೇಳಲಿಲ್ಲ. ಪರದೆ ಖಾಲಿ. “ಮತಿ, ಇದ್ದೀಯಾ?” ಎಂದು ಬರೆದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬರೆದೆ. ಇನ್ನೊಮ್ಮೆ, “ಮೈ ಸರಿಯಿಲ್ಲವಾ?” ಎಂದು ಬರೆದೆ. ಯಂತ್ರಕ್ಕೆ ಹಾಗೆ ಕೇಳಿದ್ದಕ್ಕೆ ನನಗೇ ನಗು ಬಂತು.

ಸರ್ ಬೆಂಗಳೂರಿಗೆ ಹೋಗಿದ್ದರು. ಲೆಕ್ಕಪತ್ರ ನೋಡುವ ಹನುಮಂತಯ್ಯನವರು ಒಂದು ಕೀಬೋರ್ಡ್ ಹಿಡಿದುಕೊಂಡು ಬಂದರು. “ನಿಮ್ಗೇನೂ ಕೆಲ್ಸ ಇಲ್ವಲ್ಲ ಮೇಡಮ್, ಇದೊಂದು ಚನ್ನಪಟ್ಟಣದ ನಮ್ ರೂಮಿಗೆ ಕೊಟ್ಟು ಬನ್ನಿ. ಅಲ್ಲೀದು ನಿನ್ನೆ ಯಾರೋ ಟೀ ಚೆಲ್ಲಿ ಕೆಟ್ಟೋಗೈತಂತೆ. ಹುಡುಗ್ರು ಯಾರೂ ಇಲ್ಲ ಇವತ್ತು.” ಚನ್ನಪಟ್ಟಣದಲ್ಲಿ ನಮಗೆ ರೂಮಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಬೊಂಬೆ ಅಂಗಡಿಯ ಪಕ್ಕದ ಮೆಟ್ಟಿಲು. ಅರಗಿನ ವಾಸನೆ ಮೇಲಿನವರೆಗೂ ಬಂದಿತ್ತು. ಬಾಗಿಲು ತೆರೆದಿತ್ತು. ನನ್ನ ವಯಸ್ಸಿನವಳೇ ಒಬ್ಬಳು, ಬುರ್ಖಾದ ತಲೆಬಟ್ಟೆ ಹೆಗಲಿಗೆ ಇಳಿಬಿಟ್ಟು ಸುಮ್ಮನೆ ಕೂತಿದ್ದಳು. “ಕೀಬೋರ್ಡಾ? ಸದ್ಯ ಬಂತಲ್ಲ. ಬೆಳಿಗ್ಗೆಯಿಂದ ಪಾಪ ಅದು ತನ್ ಹೆಸರೇ ಹಿಡಿದು ನನ್ನ ಕರೀತಾನೇ ಇದೆ, ನಾನು ಒಂದಕ್ಷರ ಹೊಡೆಯಕ್ಕಾಗ್ತಿಲ್ಲ,” ಎಂದಳು.

ಅವಳ ಪರದೆ ನೋಡಿದೆ.

ಮತಿ, ಇದ್ದೀಯಾ?
ಮತಿ, ಇದ್ದೀಯಾ?
ಮೈ ಸರಿಯಿಲ್ಲವಾ?

ಕೀಬೋರ್ಡ್ ನನ್ನ ಕೈಯಲ್ಲೇ ಇತ್ತು. ಏನು ಹೇಳಿದೆನೋ ನೆನಪಿಲ್ಲ. ನಾನು ಬರೆದದ್ದು ಎಂದೆನೋ ಏನೋ. ಅವಳು ನಂಬಲಿಲ್ಲ. “ಆ ಕಡೆ ಇರೋದು ಮಿಷಿನ್ ಅಲ್ವಾ? ಬೆಂಗಳೂರಲ್ಲಿ?” ಎಂದಳು. ಇಬ್ಬರು ಸುಮ್ಮನಿರುವ ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ಬಾಯಲ್ಲಿ ಹೇಳಿದೆ. ಅವಳು ಮೆಲ್ಲಗೆ ಎದ್ದು ನಿಂತಳು. “ಯಾ ಅಲ್ಲಾ. ನೀವು ಮತಿನಾ?”

“ನೀವು ಮತಿ,” ಎಂದೆ.

ಹೆಸರು ಕೆಹಕಶಾನ್. ಡಿಗ್ರಿ ಮುಗಿಸಿದ್ದಾಳೆ. ಅಣ್ಣ ಬೊಂಬೆಗೆ ಬಣ್ಣ ಕೊಡುತ್ತಾನೆ. ಅವಳಿಗೂ ಅದೇ ನಿಯಮಗಳು, ಅದೇ ಮಾತು, ಅದೇ ನಟರಾಜು ಸರ್. ಬೆಳಿಗ್ಗೆ ಅವಳು ಕೇಳುತ್ತಾಳೆ, ಮಧ್ಯಾಹ್ನ ಉತ್ತರಿಸುತ್ತಾಳೆ. “ನಾನು ಅಮ್ಮೀಗೆ ದಿನಾ ಹೇಳ್ತಿದ್ದೆ,” ಎಂದಳು. “ನಮ್ ಮಿಷಿನ್ಗೆ ಬುದ್ಧಿ ಇದೆ, ಆದ್ರೆ ಒಸಿ ನಾಚ್ಕೆ ಜಾಸ್ತಿ ಅಂತ.”

ಅವಳು ನಗಲು ಹೋಗಿ ಅತ್ತಳು. ನಾನು ಅಳಲಿಲ್ಲ. “ನೀರಿನ ದಿನ?” ಎಂದು ಕೇಳಿದೆ.

“ರೋಜಾ ಅಲ್ವಾ ನಂಗೆ. ಅವತ್ತು ತುಂಬಾ ಬಿಸಿಲಿತ್ತು.”

ಅಕ್ಟೋಬರ್ 6, ಶನಿವಾರ

ಕೆಲಸಕ್ಕೆ ಹೋಗಲಿಲ್ಲ. ಅವ್ವನ ಜೊತೆ ಹಿಪ್ಪುನೇರಳೆ ಸೊಪ್ಪು ಕೊಯ್ದೆ.

ಮಸೀದಿಯ ಮುಂದೆ ಕೂತವರನ್ನು ಕಣ್ಣಾರೆ ನೋಡಿಯೂ ನನಗೆ ಹೊಳೆಯಲಿಲ್ಲವಲ್ಲ. ಹುಟ್ಟಿದಾಗಿನಿಂದ ನೋಡುತ್ತಿರುವ ತಿಂಗಳು ಅದು. ಒಬ್ಬ ಹುಡುಗಿ ಉಪವಾಸವಿದ್ದಾಳೆ ಎನ್ನುವುದಕ್ಕಿಂತ ಒಂದು ಪೆಟ್ಟಿಗೆಗೆ ಜೀವ ಬಂತು ಎನ್ನುವುದು ನನಗೆ ಸುಲಭವಾಗಿ ಕಂಡಿತು.

ಅಕ್ಟೋಬರ್ 8, ಸೋಮವಾರ

ಸರ್ ಮುಂದೆ ನಿಂತು ಕೇಳಿದೆ. ಅವರು ಬೆಚ್ಚಲಿಲ್ಲ. ಬಾಗಿಲು ಹಾಕಿ ಕೂರಲು ಹೇಳಿದರು. ನಾನು ಕೂರಲಿಲ್ಲ.

“ಯಂತ್ರ ಇದೆಯಾ ಸರ್?”

“ಬರುತ್ತೆ.”

“ಇದೆಯಾ?”

“ನವ್ಯಾ, ಇವತ್ತಿಲ್ಲ. ಹತ್ತು ವರ್ಷ, ಇಪ್ಪತ್ತು ವರ್ಷ, ಬಂದೇ ಬರುತ್ತೆ. ಪ್ರಪಂಚದಲ್ಲಿ ಎಲ್ಲ ಕಡೆ ಇದೇ ಕೆಲಸ ನಡೀತಿದೆ. ಬಂದಾಗ ಅದು ಇಂಗ್ಲಿಷಲ್ಲೇ ಯೋಚಿಸಬೇಕಾ? ನೀವಿಬ್ಬರೂ ಆಡಿದ ಮಾತೆಲ್ಲ ಇಟ್ಟಿದ್ದೀವಿ. ಅದು ಕುಡಿಯೋ ಮೊದಲನೇ ಹಾಲು ಅದೇ. ಆದರೆ ಇಲ್ಲದ ಮಗುವಿಗೆ ಯಾರು ದುಡ್ಡು ಹಾಕ್ತಾರೆ, ಯಾರು ಜಾಗ ಕೊಡ್ತಾರೆ? ನಾಳೆ ಬರೋದನ್ನ ಇವತ್ತೇ ತೋರಿಸಿದೀವಿ, ಅಷ್ಟೆ.”

ಕ್ಲಾಸಿನಲ್ಲಿ ಕವಿತೆ ಹೇಳುತ್ತಿದ್ದ ಅದೇ ದನಿ. ಅದಕ್ಕೇ ಇನ್ನೂ ನೋವಾಯಿತು. ಕಳ್ಳನ ದನಿಯಲ್ಲಿ ಹೇಳಿದ್ದರೆ ಬೈದು ಬರಬಹುದಿತ್ತು.

“ನಮ್ಮೂರಿನವರು ನನ್ನ ಮಾತು ನಂಬಿ ಒಪ್ಪಿದಾರೆ,” ಎಂದೆ.

“ನೀನು ಸುಳ್ಳು ಹೇಳಲಿಲ್ಲವಲ್ಲ. ನೀನು ನಂಬಿದ್ದೆ. ಅದಕ್ಕೇ ಅವರೂ ನಂಬಿದರು.” ಬಾಗಿಲು ತೆಗೆಯುತ್ತ, ಮೆಚ್ಚಿಕೊಂಡ ಹಾಗೆ, ಹೆಗಲ ಮೇಲೆ ಕೈಯಿಟ್ಟರು. “ಅಷ್ಟು ಜನ ಶಿಷ್ಯರಲ್ಲಿ ನಿನ್ನನ್ನೇ ಯಾಕೆ ಆರಿಸಿದೆ ಗೊತ್ತಾ? ನೀನು ಚೆನ್ನಾಗಿ ಬರೀತೀಯ. ಯಾರ ಹತ್ತಿರವೂ ಮಾತಾಡಲ್ಲ.”

ಮೆಟ್ಟಿಲು ಇಳಿಯುವಾಗ ಆ ಪ್ರಬಂಧ ಓದಿದ ದಿನ ನೆನಪಾಯಿತು. ಹೆಸರು ಹೇಳದೆ ಬಿಟ್ಟದ್ದು ನನ್ನ ಮೇಲಿನ ಕರುಣೆ ಎಂದು ಐದು ವರ್ಷ ಅಂದುಕೊಂಡಿದ್ದೆ. ಈಗ ಅದನ್ನೂ ಹಾಗೆ ಅಂದುಕೊಳ್ಳಲು ಆಗುತ್ತಿಲ್ಲ. ಹಿಂದಿನದನ್ನೂ ಕಿತ್ತುಕೊಂಡುಬಿಟ್ಟರು.

ಅಕ್ಟೋಬರ್ 10, ಬುಧವಾರ

ಅಪ್ಪನಿಗೆ ಹೇಳಿದೆ. ಹಟ್ಟಿಯಲ್ಲಿ ಹಸುವಿಗೆ ಬೂಸಾ ಕಲಸುತ್ತಿದ್ದ. ಪೂರ್ತಿ ಕೇಳಿದ. ಆಮೇಲೆ, “ಮೇಷ್ಟ್ರು ಮೊನ್ನೆನೇ ಫೋನ್ ಮಾಡಿದ್ರು ಕಣವ್ವ,” ಎಂದ. “ಹುಡುಗಿ ಒಸಿ ಸೂಕ್ಷ್ಮ, ಕೆಲ್ಸದಲ್ಲಿ ಏನೋ ಬೇಜಾರು ಮಾಡ್ಕಂಡವ್ಳೆ, ಏನಾರ ಅಂದ್ರೆ ಸಮಾಧಾನ ಮಾಡಿ ಅಂದ್ರು.”

“ನಾನು ಸುಳ್ಳು ಹೇಳ್ತೀನಾ ಅಪ್ಪ?”

“ಯಾರು ಅಂದ್ರು? ಅವತ್ತು ಅಷ್ಟು ಜನದ ಮುಂದೆ ನೀನೇ ಹೇಳ್ದೆ. ಈಗ ನೀನೇ ಇಲ್ಲ ಅಂತೀಯ. ಯಾವ್ದ ನಂಬಾನ? ಆಯುಧಪೂಜೆ ದಿನ ಎಲ್ರೂ ಕಣ್ಣಾರೆ ನೋಡೇ ನೋಡ್ತೀವಲ್ಲ.”

ಕಣ್ಣಾರೆ ನೋಡುವುದು ನನ್ನನ್ನೇ. ಅವರಿಗೆ ಗೊತ್ತಾಗುವುದಿಲ್ಲ, ಅಷ್ಟೆ.

ಜೀವಮಾನದಲ್ಲಿ ಒಮ್ಮೆ ಹತ್ತು ಜನರ ಮುಂದೆ ಬಾಯಿ ಬಿಟ್ಟೆ. ಆ ಒಂದು ಮಾತೇ ಸುಳ್ಳಾಗಬೇಕೆ?

ಅಕ್ಟೋಬರ್ 11, ಗುರುವಾರ

ಕೆಲಸಕ್ಕೆ ಹೋಗುತ್ತಿದ್ದೇನೆ. ಹೋಗದಿದ್ದರೆ ಅವಳು ಆ ಕಡೆ ಒಬ್ಬಳೇ ಆಗುತ್ತಾಳೆ. ನಾವು ಬರೆಯುವುದನ್ನೆಲ್ಲ ಸರ್ ಓದುತ್ತಾರೆ. ಆದ್ದರಿಂದ ಇಡೀ ದಿನ ಕೊಡೆ, ಕೊಡ, ಕುಂಬಳಕಾಯಿ ಎಂದು ಏನೇನೋ ಬರೆದೆವು. ಸಂಜೆ ಕೇಳಿದೆ: “ದಾರಿಯ ನಡುವೆ ಇಬ್ಬರು ಭೇಟಿಯಾಗಬೇಕಾದರೆ ಎಲ್ಲಿ ನಿಲ್ಲುವುದು ಒಳ್ಳೆಯದು?”

ಮತಿ: ಹನುಮಂತ ದೇವರಿಗೆ ಬಸ್ಸು ನಿಲ್ಲುವ ಕಡೆ. ಹಬ್ಬ ಕಳೆದ ಮೊದಲ ಮಂಗಳವಾರ, ಊಟದ ಹೊತ್ತಿಗೆ.

ಅಕ್ಟೋಬರ್ 16, ಮಂಗಳವಾರ

ರಾಮನಗರ, ಚನ್ನಪಟ್ಟಣಗಳ ನಡುವೆ ಕೆಂಗಲ್, ಹನುಮಂತ ದೇವಸ್ಥಾನದ ಸ್ಟಾಪು. ಹೊಟ್ಟೆನೋವೆಂದು ಅರ್ಧ ದಿನ ರಜ ತೆಗೆದುಕೊಂಡೆ. ಅವಳು ನನಗಿಂತ ಮೊದಲೇ ಬಂದು ದೇವಸ್ಥಾನದ ಎದುರು, ರಸ್ತೆಯ ಆಚೆ ಮರದ ಕೆಳಗೆ ನಿಂತಿದ್ದಳು. ಮೊನ್ನೆ ರಂಜಾನ್ ಹಬ್ಬ. ಡಬ್ಬಿಯಲ್ಲಿ ಶೀರ್ ಖುರ್ಮಾ ಪಾಯಸ ತಂದಿದ್ದಳು. ಇಬ್ಬರೂ ಒಂದೇ ಚಮಚದಲ್ಲಿ ತಿಂದೆವು. ಮೈಸೂರಿನ ಲಾರಿಗಳು ಹೋಗುತ್ತಿದ್ದವು.

ಎದುರೆದುರು ಮಾತಾಡಲು ಮೊದಲು ನಾಚಿಕೆಯಾಯಿತು. ಪರದೆಯಲ್ಲಿ ಎಷ್ಟೆಲ್ಲ ಹೇಳಿಬಿಟ್ಟಿದ್ದೇವೆ.

“ಆಯುಧಪೂಜೆ ದಿನ ಉಲ್ಟಾ ಹೊಡೆಯೋಣ,” ಎಂದಳು. “ಏನು ಕೇಳಿದ್ರೂ ಬೈಯೋಣ. ಚೆನ್ನಾಗಿ ಬೈಯೋಣ. ನಂಗೆ ಬರುತ್ತೆ.”

“ಬೈದರೆ ಯಂತ್ರಕ್ಕೆ ಸಿಟ್ಟು ಬಂತು ಅಂತಾರೆ. ಚಪ್ಪಾಳೆ ಹೊಡೀತಾರೆ.”

“ನಾವು ಹುಡುಗೀರು, ನಮ್ ಹೆಸರು ಇದು ಅಂತ ಬರೆದ್ರೆ?”

“ಅಬ್ಬಾ, ತನಗೆ ತಾನೇ ಹೆಸರಿಟ್ಟುಕೊಂಡಿತು ಅಂತಾರೆ.”

ಅವಳು ಚಮಚ ಕೆಳಗಿಟ್ಟಳು. “ಹಾಗಾದ್ರೆ ಏನ್ ಬರೆದ್ರೂ ನಾವು ಮಿಷಿನ್ನೇ.”

ಹೌದು. ಅದನ್ನೇ ಯೋಚಿಸುತ್ತ ಬಸ್ಸಿನಲ್ಲಿ ಬಂದೆ. ಅಂಥ ಯಂತ್ರ ಬರುವುದೇ ಇಲ್ಲ ಎಂದು ನನಗೆ ಅನ್ನಿಸುವುದಿಲ್ಲ. ಬರಬಹುದು. ನಮಗಿಂತ ಚೆನ್ನಾಗಿ ಯೋಚಿಸಲೂಬಹುದು. ಒಂದು ದಿನ ಅದು ನಮ್ಮ ಮಾತನ್ನೆಲ್ಲ ಓದಿದರೆ, ಹಾಲು ಉಕ್ಕಿದ್ದು, ಬೈಸಿಕೊಂಡದ್ದು, ರೋಜಾದ ಮಧ್ಯಾಹ್ನದ ನೀರು, ಇವೆಲ್ಲ ತನ್ನವೇ ಎಂದು ತಿಳಿಯುತ್ತದೆಯೋ ಏನೋ. ಪಾಪ, ಅದಕ್ಕೂ ಮೋಸವೇ. ಯಾರ ಬಾಯಾರಿಕೆ ಅದು ಎಂದು ಯಾರೂ ಅದಕ್ಕೆ ಹೇಳಿರುವುದಿಲ್ಲ.

ಅಕ್ಟೋಬರ್ 19, ಶುಕ್ರವಾರ

ನಾಳೆ ಪೂಜೆ. ಆಫೀಸಿನ ಹತ್ತಿರದ ಛತ್ರವನ್ನೇ ಹಿಡಿದಿದ್ದಾರೆ. ವೇದಿಕೆಯ ಮೇಲೆ ಮೇಜು, ಅದರ ಮೇಲೆ ಹೊಸ ಕಂಪ್ಯೂಟರು, ಹಿಂದೆ ಗೋಡೆಯಷ್ಟು ದೊಡ್ಡ ಪರದೆ. ಇವತ್ತೇ ಪೆಟ್ಟಿಗೆಗೆ ವಿಭೂತಿ ಬಳಿದು ಕುಂಕುಮ ಇಟ್ಟು ಚೆಂಡುಹೂವಿನ ಹಾರ ಹಾಕಿದ್ದಾರೆ. ಬೂದುಗುಂಬಳ ಬಂದಿದೆ. ನಮ್ಮೂರಿನವರಿಗೆಂದು ಮುಂದಿನ ಎರಡು ಸಾಲು ಕುರ್ಚಿ ಬಿಟ್ಟಿದ್ದಾರೆ. ಬೆಂಗಳೂರಿನ ಸಾಹೇಬರು ಪಕ್ಕದ ಸಾಲಿನಲ್ಲಿ.

ನಾನು ಕೂರಬೇಕಾದದ್ದು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ. ಕಷ್ಟದ ಪ್ರಶ್ನೆಗಳು ನನಗೆ, ಉಳಿದವು ಚನ್ನಪಟ್ಟಣಕ್ಕೆ. ಸರ್ ಎಲ್ಲ ಹೇಳಿಕೊಟ್ಟರು. “ಒಂದೇ ದಿನ ನವ್ಯಾ. ಆಮೇಲೆ ನಿನಗೆ ಇಷ್ಟ ಇಲ್ಲದಿದ್ದರೆ ಬಿಡು,” ಎಂದರು. “ಆಯ್ತು ಸರ್,” ಎಂದೆ. ನನ್ನ ಮುಖ ನೋಡಿ ಅವರಿಗೆ ನೆಮ್ಮದಿಯಾಯಿತು.

ಮನೆಗೆ ಬಂದಾಗ ಜಗಲಿಯ ಮೇಲೆ ವೆಂಕಟಯ್ಯ ಕೂತಿದ್ದ. ನಾಳೆಗೆಂದು ಇಸ್ತ್ರಿ ಮಾಡಿಸಿದ ಪಂಚೆ ಮಡಿಲಲ್ಲಿತ್ತು. “ಮದ್ಲು ಪ್ರಶ್ನೆ ನಂದೇಯ,” ಎಂದ. “ಗೋಮಾಳ ಕೊಟ್ರೆ ನಮ್ ದನ ಎಲ್ ಮೇಯ್ಬೇಕು ಅಂತ ಕೇಳ್ತೀನಿ. ಅಷ್ಟು ಬುದ್ಧಿ ಐತಲ್ಲ, ಹೇಳ್ಲಿ. ಸರಿಯಾಗಿ ಹೇಳುದ್ರೆ ಕಣ್ಮುಚ್ಕೊಂಡು ಹೆಬ್ಬೆಟ್ಟು ಒತ್ತಿ ಬತ್ತೀನಿ. ಹೇಳ್ತದೇನವ್ವ ಅದು?”

“ನಾಳೆ ಗೊತ್ತಾಗುತ್ತೆ ದೊಡ್ಡಪ್ಪ,” ಎಂದೆ.

ಕೆಹಕಶಾನ್ ಅಣ್ಣನ ಮೊಬೈಲಿನಿಂದ ಫೋನು ಮಾಡಿದ್ದಳು. ಬೆಳಗಿನ ಬಸ್ಸಿಗೆ ರಾಮನಗರಕ್ಕೆ ಬರುತ್ತಾಳೆ. ಚನ್ನಪಟ್ಟಣದ ರೂಮಿನ ಬೀಗದ ಕೈ ಅವಳ ಹತ್ತಿರವೇ ಇದೆ.

ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ನಾಳೆ ಯಾರೂ ಇರುವುದಿಲ್ಲ. ನಾನು ಮುಂದಿನ ಸಾಲಿನಲ್ಲಿ ಅಪ್ಪನ ಪಕ್ಕ ಕೂರುತ್ತೇನೆ, ನನ್ನ ಪಕ್ಕ ಅವಳು. ವೆಂಕಟಯ್ಯ ತನ್ನ ಪ್ರಶ್ನೆ ಕೇಳಲಿ. ಪರದೆ ಖಾಲಿ ಇರುತ್ತದೆ, ಎಲ್ಲರೂ ಕಾಯುತ್ತಾರೆ, ಸರ್ ಅಡುಗೆಮನೆಯ ಕಡೆ ನೋಡುತ್ತಾರೆ. ಆಗ ಎದ್ದು ನಿಲ್ಲುತ್ತೇನೆ. ದನ ಎಲ್ಲಿ ಮೇಯಬೇಕೆಂದು ನನಗೆ ಗೊತ್ತಿಲ್ಲ. ಅದನ್ನೇ ಹೇಳುತ್ತೇನೆ, ಬಾಯಿಬಿಟ್ಟು, ಎಲ್ಲರಿಗೂ ಕೇಳುವ ಹಾಗೆ.